ಎಲೆ ಮುಂದೆ ಕೂತ ಹಕ್ಕಿಗಳು

ಈ ಅಕ್ಟೋಬರಿನಲ್ಲಿ ನಾನು ದುರ್ಬೀನಿನಲ್ಲಿ ಹಕ್ಕಿಗಳನ್ನು ನೋಡಿದ್ದಕ್ಕಿಂತ ನನ್ನ ಭಾವನ ಬೆನ್ನನ್ನು ನೋಡಿದ್ದೇ ಹೆಚ್ಚು. ಅವರ ಮಾಸಲು ಹಸಿರು ಅಂಗಿಯ ಮೇಲೆ, ಎರಡು ಹೆಗಲುಗಳ ನಡುವೆ, ಬೆವರಿನ ಒಂದು ಕಲೆ ಮೂಡುತ್ತದೆ. ಆ ಕಲೆ ಉಬ್ಬಿದರೆ ಉಸಿರು ಒಳಗೆ ಹೋಯಿತು, ತಗ್ಗಿದರೆ ಹೊರಗೆ ಬಂತು. ಅದು ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ, ಪುರುಸೊತ್ತಾದರೆ, ಹಕ್ಕಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಬೇಸಿಗೆಯಲ್ಲಿ ಪರೇಲಿನ ಆಸ್ಪತ್ರೆಯೊಂದರಲ್ಲಿ ಅವರ ಎದೆ ಬಿಚ್ಚಿ ಬೈಪಾಸ್ ಮಾಡಿದರು. ಪ್ರಜ್ಞೆ ಬಂದ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು, "ನಮ್ಮ ಭಾಂಡುಪಿಗೇ ನೆಟ್ಟಗೆ ಒಂದು ರಸ್ತೆ ಇಲ್ಲ ಮಾರಾಯ, ನನ್ನ ಎದೆಗೆ ಮೂರು ಬೈಪಾಸ್!" ನಾನು ನಗಲಿಲ್ಲ. ನಕ್ಕರೆ ಅವರೂ ನಕ್ಕು ಹೊಲಿಗೆ ಬಿಚ್ಚಿಕೊಂಡರೆ ಎಂಬ ಭಯ.

ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಅವರು ಬಾಲ್ಕನಿಯಲ್ಲಿ ನಿಂತು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಮೂಗು ಮಾಡಲು ಶುರು ಮಾಡಿದರು. ಅಕ್ಕ ನನ್ನನ್ನು ಕರೆಸಿದಳು. ಅಡುಗೆಮನೆಯಲ್ಲಿ ನಿಲ್ಲಿಸಿ, ಬಾಗಿಲು ಅರ್ಧ ಮುಚ್ಚಿ, ಮಾತ್ರೆಯ ಒಂದು ಪಟ್ಟಿ ಕೈಗಿಟ್ಟಳು.

"ಎದೆನೋವು ಬಂದ್ರೆ ಕೂತ್ಕೊಂಡು ಇದನ್ನು ನಾಲಿಗೆಯ ಅಡಿ ಇಡ್ಬೇಕಂತೆ. ಇದು ನಿನ್ನ ಹತ್ರ ಇರ್ಲಿ. ಇವರ ಕಿಸೆ ನಂಬುವ ಹಾಗಿಲ್ಲ."

ನಂಬುವ ಹಾಗಿರಲಿಲ್ಲ, ನಿಜ. ಮೊದಲು ಕೊಟ್ಟ ಪಟ್ಟಿ ಅವರ ಅಂಗಿಯ ಕಿಸೆಯಲ್ಲೇ ಕೂತು ವಾಶಿಂಗ್ ಮಶೀನಿಗೆ ಹೋಗಿಬಂದಿತ್ತು. "ಇನ್ನು ನಿನ್ನ ಮಶೀನಿಗೆ ಹಾರ್ಟ್ ಅಟ್ಯಾಕ್ ಆಗ್ಲಿಕ್ಕಿಲ್ಲ" ಎಂದು ಭಾವ ಹೇಳಿ ಅಕ್ಕನ ಸಿಟ್ಟು ಇಮ್ಮಡಿ ಮಾಡಿದ್ದರು.

"ಹೋಗುದಾದ್ರೆ ತಮ್ಮನ ಒಟ್ಟಿಗೆ," ಅಕ್ಕ ಈಗ ಹಾಲಿಗೆ ಕೇಳುವಂತೆ ದನಿ ಎತ್ತಿದಳು. "ಒಬ್ಬರೇ ಹೋದದ್ದು ಗೊತ್ತಾದ್ರೆ ಆ ದುರ್ಬೀನು ಗುಜರಿ ಭಂಗಾರ್‌ವಾಲಾನ ಚೀಲಕ್ಕೆ!"

ಅವಳು ಆರಿಸಿದ ಮನುಷ್ಯ ಎಂಥವನು ಎಂದು ಇಲ್ಲಿ ಹೇಳಬೇಕು. ನಾನು ಲೋಕಲ್ ಹತ್ತಿ ಕುರ್ಲಾ ದಾಟಿದ ಮೇಲೂ ಮನೆಗೆ ಫೋನು ಮಾಡಿ ಗ್ಯಾಸ್ ಆಫ್ ಇದೆಯಾ ಎಂದು ಕೇಳುವ ಜಾತಿ. ಅದೇ ಗ್ಯಾಸಿನ ಮುಂದೆ ನಿಂತು ದೋಸೆ ಹೊಯ್ಯುತ್ತಿರುವ ಹೆಂಡತಿ "ಆಫ್ ಉಂಟು, ಆಫ್ ಉಂಟು" ಅನ್ನುತ್ತಾಳೆ. ಹಿಂದಿನಿಂದ ಚುಯ್ ಎಂಬ ಸದ್ದು ಕೇಳುತ್ತದೆ. ಉದ್ಯೋಗವೂ ಇದಕ್ಕೆ ಗೊಬ್ಬರ ಹಾಕುವಂಥದ್ದೇ. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕಿರುವ, ಯಾರೂ ಓದದ ಚೀಟಿ ಇರುತ್ತದಲ್ಲ, ಅದನ್ನು ಕನ್ನಡಕ್ಕೆ ಮಾಡುವವನು ನಾನು. ಹಿಂದೆ ಮಿಲ್ ಇದ್ದ ಜಾಗದಲ್ಲಿ ಎದ್ದಿರುವ ಗಾಜಿನ ಕಟ್ಟಡದಲ್ಲಿ ಕೂತು ದಿನವಿಡೀ ತಲೆಸುತ್ತು, ವಾಂತಿ, ಎದೆ ಬಡಿತದಲ್ಲಿ ಏರುಪೇರು ಎಂದು ಬರೆಯುತ್ತಿರುತ್ತೇನೆ. "ವಿರಳವಾಗಿ ಕಂಡುಬರಬಹುದು" ಎಂಬ ವಾಕ್ಯ ನನ್ನ ಕೈಯಿಂದ ಸಾವಿರ ಸಲ ಹೋಗಿರಬೇಕು. ಹಕ್ಕಿ ನೋಡುವವರು ವಿರಳವಾದದ್ದು ಕಾಣಲಿ ಎಂದು ಹೋಗುತ್ತಾರೆ. ನಾನು ಕಾಣದಿರಲಿ ಎಂದು ಹೋಗುತ್ತೇನೆ.

ನಾವು ಹೋಗುವ ಜಾಗ ಹೈವೇಯ ಆಚೆ, ಖಾಡಿಯ ಬದಿಗೆ ಇದೆ. ಕೆಟ್ಟುಹೋದ ಒಂದು ಉಪ್ಪಿನ ಗದ್ದೆ, ಮಳೆನೀರು ನಿಂತು ಕೆರೆಯಾದದ್ದು. ಒಂದು ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಇನ್ನೊಂದು ಕಡೆ ದಿನಕ್ಕೊಂದು ಮಾಳಿಗೆ ಏರುವ ಟವರುಗಳು. ನಡುವೆ ಒಬ್ಬರೇ ನಡೆಯಬಹುದಾದ ಮಣ್ಣಿನ ಒಡ್ಡು. ಖಾಡಿಯಲ್ಲಿ ಭರತ ಬಂದು ಸಮುದ್ರದ ನೀರು ಏರಿದಾಗ ಅಲ್ಲಿನ ಕೆಸರೆಲ್ಲ ಮುಳುಗುತ್ತದೆ. ಕೆಸರಿನಲ್ಲಿ ಮೇಯುತ್ತಿದ್ದ ಹಕ್ಕಿಗಳು ಎದ್ದು ಈ ಆಳವಿಲ್ಲದ ನೀರಿಗೆ ಬಂದು, ಇಳಿತವಾಗುವ ತನಕ ಕೂರುತ್ತವೆ. ದೊಡ್ಡ ಭರತ ಬರುವುದು ಹುಣ್ಣಿಮೆ ಅಮಾವಾಸ್ಯೆಯ ಹತ್ತಿರ. "ಊರವರೆಲ್ಲ ಅಮಾವಾಸ್ಯೆ ಅಂತ ಹೊರಗೆ ಹೋಗುದಿಲ್ಲ, ಇವರು ಅಮಾವಾಸ್ಯೆ ನೋಡಿಯೇ ಹೋಗುದು" ಎಂದು ಅಕ್ಕ ಮೂಗು ಮುರಿಯುತ್ತಾಳೆ.

ಭಾವ ಆಂಟಾಪ್ ಹಿಲ್‌ನ ಒಂದು ಉಡುಪಿ ಹೋಟೆಲಿನಲ್ಲಿ ಬಿಲ್ಲಿನ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂತು ಆಯುಷ್ಯ ಕಳೆದವರು. ಹಕ್ಕಿಗಳನ್ನೂ ಅವರು ಗಲ್ಲೆಯಿಂದಲೇ ನೋಡುತ್ತಾರೆ. ಬಂದ ಕೂಡಲೆ ಮೀನು ಕಚ್ಚಿ ಹಾರಿಹೋಗುವ ಮಿಂಚುಳ್ಳಿ ಪಾರ್ಸಲ್ ಗಿರಾಕಿ. ಗಂಟೆಗಟ್ಟಲೆ ಒಂದೇ ಕಾಲಲ್ಲಿ ನಿಂತ ಬೂದುಬಕ ಒಂದು ಚಹಾಕ್ಕೆ ಮೇಜು ಹಿಡಿದು ಪೇಪರ್ ಓದುವವನು. ಚಳಿಗಾಲ ಬಲಿತ ಮೇಲೆ ಬರುವ ಫ್ಲೆಮಿಂಗೋಗಳು ಮದುವೆ ಪಾರ್ಟಿ. ಹೆಸರು ಹೇಳುವುದರಲ್ಲಿ ಅವರು ಹತ್ತಕ್ಕೆ ನಾಲ್ಕು ಸಲ ತಪ್ಪುತ್ತಾರೆ. ಆದರೆ ತಪ್ಪಿದರು ಎಂದು ಅವರಿಗೆ ತೋರಿಸಿಕೊಡುವ ಸಾಹಸ ಯಾರೂ ಮಾಡುವುದಿಲ್ಲ.

ಅವರದು ಒಂದೇ ನಿಯಮ. ಎಲೆ ಮುಂದೆ ಕೂತವರನ್ನು ಎಬ್ಬಿಸಬಾರದು. ಹೋಟೆಲಿನಲ್ಲಿ ರಶ್ ಇದ್ದಾಗ, ಉಂಡು ಕೂತ ಗಿರಾಕಿ ಏಳಲಿ ಎಂದು ಫ್ಯಾನ್ ಆಫ್ ಮಾಡಿದ ವೇಟರಿಗೆ ಅವರು ಎಲ್ಲರ ಮುಂದೆ ಬೈದಿದ್ದರಂತೆ. ಇಲ್ಲಿಗೂ ಅದೇ. "ಎಲ್ಲಿ ಸೈಬೀರಿಯ, ಎಲ್ಲಿ ಭಾಂಡುಪ್! ಅಷ್ಟು ದೂರದಿಂದ ಹಾರಿ ಬಂದು ಈಗಷ್ಟೆ ಕೂತಿರ್ತವೆ. ನಮ್ಮ ಅಂಗೈ ಅಗಲದ ಹಕ್ಕಿ ಮಾರಾಯ. ಅದನ್ನು ಏಳಿಸಿದ್ರೆ ಪಂಕ್ತಿಯಿಂದ ಎಬ್ಬಿಸಿದ ಪಾಪ." ಹಾಗಾಗಿ ಕೆರೆಯ ಹತ್ತಿರ ಮಾತಿಲ್ಲ. ಕೆಂಪು ಬಟ್ಟೆ ಇಲ್ಲ. ಫೋನು ಸೈಲೆಂಟ್ ಸಾಲದು, ಸ್ವಿಚ್ ಆಫ್. ಹಕ್ಕಿ ಕೂತ ಮೇಲೆ ಒಡ್ಡಿನ ಮೇಲೆ ನಡೆಯುವಂತೆಯೂ ಇಲ್ಲ. ಅವು ಏಳುವ ತನಕ ನಾವು ಕೂತೇ ಇರಬೇಕು.

ದೀಪಾವಳಿಯ ಹಿಂದಿನ ಭಾನುವಾರ ಅಮಾವಾಸ್ಯೆ ಹತ್ತಿರವಿತ್ತು. ಅಕ್ಕ ಚಕ್ಕುಲಿ ಒತ್ತುತ್ತಿದ್ದಳು. ಎಣ್ಣೆಯ ವಾಸನೆಯಿಂದ ಗಂಡನನ್ನು ದೂರ ಇಟ್ಟಂತಾಯಿತು ಎಂದು ಅವಳೇ ನಮ್ಮನ್ನು ಬೇಗ ಹೊರಡಿಸಿದಳು. ರಿಕ್ಷಾ ಇಳಿಯುವಾಗ ಕಿಸೆ ಮುಟ್ಟಿ ನೋಡಿದೆ. ಪಟ್ಟಿ ಇತ್ತು. ರಸ್ತೆ ಮುಗಿಯುವಲ್ಲಿ ಒಂದು ಚೌಕಿ ಇದೆ. ಅಲ್ಲಿನ ವಾಚ್‌ಮನ್ ವಿಜಯಪುರ ಕಡೆಯವನು. ನಾವು ಕನ್ನಡದವರು ಎಂದು ಗೊತ್ತಾದ ದಿನದಿಂದ ನಮ್ಮನ್ನು ಸುಮ್ಮನೆ ಒಳಗೆ ಬಿಟ್ಟದ್ದಿಲ್ಲ.

"ಏನ್ರೀ ಕಾಕಾ, ಬಂದ್ರೇನು ಮತ್ತ? ಹಿಡಿಯಂಗಿಲ್ಲ, ತಿನ್ನಂಗಿಲ್ಲ, ಬರೇ ನೋಡೂದು. ನನಗ ಪಗಾರ ಕೊಟ್ಟು ಕೂಡಿಸ್ಯಾರ, ನಾ ನೋಡತೀನಿ. ನಿಮಗ್ಯಾರು ಕೊಡ್ತಾರ?"

"ನಮ್ಮದು ಓವರ್‌ಟೈಮು," ಅಂದರು ಭಾವ.

ಚೌಕಿಯಿಂದ ಒಡ್ಡಿನ ತನಕದ ದಾರಿಯಲ್ಲಿ ಅವರು ಎರಡು ಕಡೆ ನಿಂತರು. ಒಮ್ಮೆ ಚಪ್ಪಲಿಯ ಬಾರು ಸರಿಮಾಡಲು, ಒಮ್ಮೆ ಆಕಾಶ ನೋಡಲು. ಆಕಾಶದಲ್ಲಿ ಏನೂ ಇರಲಿಲ್ಲ. "ಸುಸ್ತಾ?" ಎಂದೆ. "ನಿನ್ನ ಪ್ರಶ್ನೆ ಕೇಳಿ ಸುಸ್ತು" ಎಂದರು.

ಒಡ್ಡು ಮುಟ್ಟಿದ ಮೇಲೆ ನಿಜವಾದ ತಕರಾರು ಶುರುವಾಯಿತು. ಪ್ರತಿ ವರ್ಷ ನಾವು ಕೆರೆಯ ಎರಡು ತುದಿಯಲ್ಲಿ ಕೂರುತ್ತಿದ್ದೆವು. ನಡುವೆ ಹುಲ್ಲಿನ ಮರೆ ಇರುವುದರಿಂದ ಒಂದೇ ಕಡೆ ಕೂತರೆ ಅರ್ಧ ಕೆರೆ ಕಾಣುವುದಿಲ್ಲ. ಈ ಸಲ ಮೊದಲ ವಾರಗಳಲ್ಲಿ ಅಕ್ಕನ ಆಜ್ಞೆಯ ಹಾಗೆ ಜೊತೆಯಲ್ಲೇ ಕೂತಿದ್ದೆವು. ಅವರು ಅರ್ಧ ಕೆರೆ ನೋಡುವ ಹಿಂಸೆಯನ್ನೂ, ನಾನು ಅವರ ಬೆನ್ನು ನೋಡುವ ಹಿಂಸೆಯನ್ನೂ ಸಹಿಸಿಕೊಂಡಿದ್ದರು.

"ಇವತ್ತು ನಾನು ಆಚೆ ಹೋಗ್ತೇನೆ," ಎಂದರು, ಆ ತುದಿಯಲ್ಲಿದ್ದ ತೂಬಿನ ಮುರಿದ ಗೋಡೆ ತೋರಿಸಿ.

"ಬೇಡ ಭಾವ. ಅಕ್ಕನಿಗೆ ಎಂತ ಹೇಳುದು?"

"ಅಕ್ಕನಿಗೆ ಚಕ್ಕುಲಿ ಉಂಟು."

"ನಿಮ್ಮ ಹಾರ್ಟ್..."

"ನನ್ನದಕ್ಕೆ ಹೊಸ ಪೈಪ್ ಹಾಕಿದ್ದಾರೆ. ಹಳೇ ಪೈಪ್ ನಿನ್ನದೇ. ನೀನು ಜಾಗ್ರತೆ."

ಹೊರಟೇಬಿಟ್ಟರು. ಗೋಡೆ ಎತ್ತರ, ಹುಲ್ಲಿನ ಮೇಲಿಂದ ಕಣ್ಣಿಗೆ ಕಾಣುವಷ್ಟು ದೂರ, ದುರ್ಬೀನಿನಲ್ಲಿ ಮುಖದ ಗಡ್ಡವೂ ಕಾಣುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮತ್ತೆ ಕಿಸೆ ಮುಟ್ಟಿ ನೋಡಿದೆ. ಪಟ್ಟಿ ಇತ್ತು. ನೆಮ್ಮದಿಯಾಯಿತು. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ: ಮಾತ್ರೆ ಭದ್ರವಾಗಿ ನನ್ನ ಹತ್ತಿರ ಇದೆಯೇ ಎಂದು ಬೆಳಗ್ಗಿನಿಂದ ಅಷ್ಟು ಸಲ ನೋಡಿದವನಿಗೆ, ಅದು ನನ್ನ ಹತ್ತಿರ ಇದ್ದು ಏನು ಪ್ರಯೋಜನ ಎಂಬುದು ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ.

ಅವರು ತೂಬಿನ ಗೋಡೆಯ ಮೇಲೆ ಕೂತು, ನನ್ನ ಕಡೆಗೆ ಮುಖ ಮಾಡಿ, ಸರಿ ಎಂದು ಹೆಬ್ಬೆರಳು ಎತ್ತಿದರು. ಭರತ ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ಖಾಡಿಯ ಕಡೆಯಿಂದ ಮೊದಲ ತಂಡ ಬಂತು, ಹಿಂದೆಯೇ ಇನ್ನೊಂದು. ಕಾಂಡ್ಲಾ ಗಿಡಗಳ ಮೇಲಿಂದ ಹೊಗೆಯ ಹಾಗೆ ಬಂದು, ಒಮ್ಮೆಲೇ ಹೊರಳಿದಾಗ ಹೊಟ್ಟೆಯ ಬಿಳುಪು ಹೊಳೆದು, ಇಳಿದವು. ಉದ್ದ ಕೊಕ್ಕಿನ ಗಾಡ್ವಿಟ್‌ಗಳು ನೀರಿನ ನಡುವೆ. ಪುಟ್ಟ ಸ್ಟಿಂಟ್‌ಗಳು ಅಂಚಿನಲ್ಲಿ, ಜಾಗ ಸಾಲದೆ ನಮ್ಮಿಬ್ಬರ ನಡುವಿನ ಒಡ್ಡಿನ ಮೇಲೂ. ಕೊಕ್ಕನ್ನು ಬೆನ್ನಿನ ಗರಿಯೊಳಗೆ ತುರುಕಿ, ಒಂದೇ ಕಾಲಲ್ಲಿ, ಸಾಲಾಗಿ ಕೂತವು. ಪಂಕ್ತಿ ತುಂಬಿತು. ಇನ್ನು ಇವು ಏಳುವ ತನಕ ನಾನೂ ಭಾವನೂ ನಮ್ಮ ನಮ್ಮ ಜಾಗದಲ್ಲಿ ಬಂದಿ.

ನಾನು ಭಾವನನ್ನು ನೋಡಿದೆ. ಅವರು ಸ್ವಲ್ಪ ಮುಂದಕ್ಕೆ ಬಾಗಿ ಕೂತಿದ್ದರು. ಅಲುಗಾಟ ಇರಲಿಲ್ಲ. ಅಲುಗಬಾರದು ಎಂಬುದೇ ನಿಯಮವಲ್ಲವೇ? ಕೊಕ್ಕರೆಗಿಂತ ಚೆನ್ನಾಗಿ ಕೂರುತ್ತಾರೆ ಎಂದು ಮೆಚ್ಚಿಕೊಂಡೆ ಕೂಡ. ಆಮೇಲೆ ಅವರ ದುರ್ಬೀನು ಕಂಡಿತು. ಅದು ಅವರ ತೊಡೆಯ ಮೇಲಿತ್ತು.

ಎದುರಿಗೆ ಅಷ್ಟು ಹಕ್ಕಿ ಕೂತಿರುವಾಗ ದುರ್ಬೀನು ತೊಡೆಯ ಮೇಲೆ ಯಾಕೆ?

ಕಣ್ಣು ಒರೆಸಿಕೊಳ್ಳುತ್ತಿರಬಹುದು. ಗಾಜು ಮಂಜಾಗಿರಬಹುದು. ಒಬ್ಬ ಮನುಷ್ಯ ಸುಮ್ಮನೆ ಬರಿಗಣ್ಣಲ್ಲಿ ನೋಡಬಾರದೆಂದಿದೆಯೇ? ವರ್ಷವಿಡೀ ಇಲ್ಲದ ಅಪಾಯ ಹುಡುಕುವ ನನ್ನ ಬುದ್ಧಿ ಆ ಹೊತ್ತಿಗೆ ಮಾತ್ರ ಒಂದರ ಮೇಲೊಂದು ಸಮಾಧಾನ ಒದಗಿಸುತ್ತಿತ್ತು. ನನ್ನ ಫೋನು ತೆಗೆದು ಆನ್ ಮಾಡಿ ಅವರಿಗೆ ಹಚ್ಚಿದೆ. ಸ್ವಿಚ್ ಆಫ್ ಎಂದು ಒಬ್ಬ ಹೆಂಗಸು ಮರಾಠಿಯಲ್ಲಿ ಹೇಳಿದಳು. ಕೈ ಎತ್ತಿ ಬೀಸಿದೆ. ಅವರು ತಲೆ ಎತ್ತಲಿಲ್ಲ. ಮತ್ತೆ ಬೀಸಿದೆ. ಆಗ ಅವರು ನಿಧಾನಕ್ಕೆ ಅಂಗೈ ತೋರಿಸಿದರು. ಅಲ್ಲೇ ಇರು, ಬರಬೇಡ.

ಜೀವ ಬಂದಂತಾಯಿತು. ಕೈ ಎತ್ತಿದರು ಅಂದರೆ ಎಚ್ಚರ ಇದ್ದಾರೆ. ಬರಬೇಡ ಅಂದರೆ ಹಕ್ಕಿ ಎಬ್ಬಿಸಬೇಡ ಎಂದೇ. ಕೂತೆ. ಅವರ ಇನ್ನೊಂದು ಕೈ ಎಲ್ಲಿದೆ ಎಂದು ಹುಡುಕಿದೆ. ಅದು ಅಂಗಿಯ ಗುಂಡಿಗಳ ನಡುವೆ ಒಳಗೆ ಹೋಗಿತ್ತು.

ಕಿರುಚಲು ಬಾಯಿ ತೆರೆದೆ. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ದನಿ ಹೊರಡಲಿಲ್ಲ. ಇಷ್ಟು ವರ್ಷ ಇಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಗಂಟಲಿಗೇ ಅಭ್ಯಾಸವಾಗಿಬಿಟ್ಟಿತ್ತು. ಕಾಲು ಮಾತ್ರ ನಿಯಮ ಮರೆಯಿತು. ಓಡಿದೆ. ನಾನು ಓಡುವುದೆಂದರೆ ಲೋಕಲ್ ತಪ್ಪುವಾಗಲೂ ಬೀಳುವ ಭಯದಿಂದ ಬಿರುಸಾಗಿ ನಡೆಯುವುದು. ಅವತ್ತು ಜಾರುವ ಒಡ್ಡಿನ ಮೇಲೆ, ಒಂದು ಚಪ್ಪಲಿ ಕೆಸರಿಗೆ ಬಿಟ್ಟು, ಓಡಿದೆ. ಕಾಲಿನ ಮುಂದಿನ ಸ್ಟಿಂಟ್‌ಗಳು ಮೊದಲು ಎದ್ದವು, ಆಮೇಲೆ ಅಂಚಿನವು, ಆಮೇಲೆ ಇಡೀ ಕೆರೆ. ಮದುವೆಮನೆಯ ಪಂಕ್ತಿಯೆಲ್ಲ ಊಟದ ನಡುವೆ ಒಟ್ಟಿಗೆ ಎದ್ದಂತೆ ಸದ್ದಾಯಿತು. ತಲೆಯ ಮೇಲೆ ನೆರಳು ಕವಿಯಿತು. ನಾನು ಮೇಲೆ ನೋಡಲಿಲ್ಲ.

ಭಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಲ್ಲದಿಂದ ಬೆವರು ಇಳಿಯುತ್ತಿತ್ತು. ನನ್ನನ್ನು ನೋಡಿ ಅವರು ಹೇಳಿದ್ದು ಇಷ್ಟು:

"ಪಂಕ್ತಿ ಎಬ್ಬಿಸಿದೆಯಲ್ಲ ಮಾರಾಯ..."

"ಬಾಯಿ ತೆರೀರಿ ಭಾವ."

ಪಟ್ಟಿಯಿಂದ ಒತ್ತಿ ತೆಗೆಯುವ ಅವಸರಕ್ಕೆ ಮೊದಲ ಮಾತ್ರೆ ಕೆಸರಿಗೆ ಬಿತ್ತು. ಎರಡನೆಯದನ್ನು ಅವರ ನಾಲಿಗೆಯ ಅಡಿಗೆ ಇಟ್ಟೆ. "ನುಂಗಬೇಡಿ. ಜಗೀಬೇಡಿ. ಏಳಬೇಡಿ." ಈ ಜಾತಿಯ ಮಾತ್ರೆಯ ಚೀಟಿಯನ್ನು ನಾನೇ ಒಮ್ಮೆ ಕನ್ನಡಕ್ಕೆ ಮಾಡಿದ್ದೆ. "ರೋಗಿಯು ಕುಳಿತ ಭಂಗಿಯಲ್ಲಿರತಕ್ಕದ್ದು" ಎಂದು ಬರೆದಿದ್ದೆ. ರಕ್ತದ ಒತ್ತಡ ಒಮ್ಮೆಲೇ ಇಳಿದು, ನಿಂತವರು ಬೀಳಬಹುದು ಎಂಬ ಕಾರಣಕ್ಕೆ. ಎದೆ ಹಿಡಿದುಕೊಂಡವನು ಓದುವ ವಾಕ್ಯವೇ ಅದು? ಕೂರು ಎಂದು ಬರೆದಿದ್ದರೆ ಸಾಕಿತ್ತು.

ಅವರನ್ನು ಮೆಲ್ಲಗೆ ಗೋಡೆಯಿಂದ ಕೆಳಗೆ ಜಾರಿಸಿ, ನನ್ನ ಎದೆಗೆ ಒರಗಿಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತೆ. ಒಂದು ಕೈಯಲ್ಲಿ ವಾಚ್‌ಮನ್‌ಗೆ ಫೋನು ಮಾಡಿದೆ. ರಿಕ್ಷಾ ತರಿಸು, ಒಡ್ಡಿನ ತನಕ ತರಿಸು ಎಂದೆ. "ಯಾಕ್ರೀ, ಹಕ್ಕಿ ಕಚ್ಚಿತೇನು?" ಎಂದು ನಗಲು ಹೊರಟವನು ನನ್ನ ದನಿ ಕೇಳಿ ಅರ್ಧಕ್ಕೇ ನಿಂತ. "ಬಂದೆ, ಬಂದೆ, ಕಾಕಾಗ ಧೈರ್ಯ ಹೇಳ್ರಿ."

ಅದೊಂದೇ ನನಗೆ ಹೇಳಲು ಬಾರದ್ದು. ನೋವು ಕಡಿಮೆ ಆಗದಿದ್ದರೆ ಇನ್ನೊಂದು ಮಾತ್ರೆ. ಅದಕ್ಕೂ ಕಡಿಮೆ ಆಗದಿದ್ದರೆ ಏನು ಎಂದು ಚೀಟಿಯಲ್ಲಿ ಬರೆದದ್ದು ನನಗೆ ಬಾಯಿಪಾಠ ಇತ್ತು, ಅದನ್ನು ನೆನೆಯದಿರಲು ಅವರ ತುಟಿಯನ್ನೇ ನೋಡುತ್ತಾ ಕೂತೆ. ತುಟಿಗೆ ಬಣ್ಣ ಇರಲಿಲ್ಲ. ಆಕಾಶದಲ್ಲಿ ಹಕ್ಕಿಗಳು ಸುತ್ತುತ್ತಲೇ ಇದ್ದವು. ಖಾಡಿಯ ಕೆಸರು ಮುಳುಗಿತ್ತು, ಹೋಗಲು ಅವಕ್ಕೆ ಬೇರೆ ಜಾಗವಿರಲಿಲ್ಲ. ಏಳುವಂತಿಲ್ಲದ ನಾವಿಬ್ಬರು ಗೋಡೆಯ ಬುಡದಲ್ಲಿ ಕಲ್ಲಿನ ಹಾಗೆ ಇದ್ದೆವು. ಒಂದು ಸುತ್ತು ಕೆಳಗೆ ಬಂದವು, ಅನುಮಾನಿಸಿ ಮೇಲೆ ಹೋದವು. ಇನ್ನೊಂದು ಸುತ್ತು. ಆಮೇಲೆ ಇಳಿದವು. ಸದ್ದಿನಿಂದ ಗೊತ್ತಾಯಿತು, ತೀರ ಹತ್ತಿರ ಇಳಿದಿದ್ದವು, ಕೈ ಚಾಚಿದರೆ ಸಿಗುವಷ್ಟು.

ಭಾವ ಮಾತಾಡುವಂತಿರಲಿಲ್ಲ. ಕಣ್ಣರಳಿಸಿ, ಗಲ್ಲದಿಂದ ನನ್ನ ಎಡಗಡೆಗೆ ತೋರಿಸಿದರು. ಅಲ್ಲಿ ನೋಡು. ನಾನು ತುಟಿಯಿಂದ ಕಣ್ಣು ತೆಗೆಯಲಿಲ್ಲ. ಅವರು ಮತ್ತೆ ತೋರಿಸಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ. ಆ ಸಿಟ್ಟು ನೋಡಿ ನನಗೆ ಮೊದಲ ಬಾರಿಗೆ ಒಂದಿಷ್ಟು ಆಸೆ ಹುಟ್ಟಿತು. ಬೆವರು ಆರುತ್ತಾ ಬಂತು. ಅಂಗಿಯೊಳಗಿನ ಕೈ ತಾನಾಗಿ ಹೊರಗೆ ಬಂದು ಮಂಡಿಯ ಮೇಲೆ ಕೂತಿತು.

"ನೋಡಿದೆಯಾ?" ಎಂದರು, ನಾಲಿಗೆ ಬಿಡುವಾದ ಮೇಲೆ, ತೀರ ಮೆಲ್ಲಗೆ.

"ನೋಡಿದೆ."

"ಎಂತ ಇತ್ತು?"

"ಹಕ್ಕಿ."

"ಸುಳ್ಳ."

ಅಲ್ಲಿಯ ತನಕ ತಡೆದಿದ್ದ ನನ್ನ ಸಿಟ್ಟು ಆಗ ಪಿಸುದನಿಯಲ್ಲೇ ಹೊರಬಂತು. "ಒಂದು ಕೂಗು ಹಾಕ್ಲಿಕ್ಕೆ ನಿಮಗೆ ಎಂತ ಆಗಿತ್ತು ಭಾವ? ಮಾತ್ರೆ ನನ್ನ ಕಿಸೆಯಲ್ಲಿ ಉಂಟು ಅಂತ ಗೊತ್ತಿತ್ತಲ್ಲ?"

ಅವರು ಎದುರಿನ ಸಾಲುಗಳನ್ನು ನೋಡಿದರು. "ಆಗಷ್ಟೆ ಕೂತಿದ್ದವು ಮಾರಾಯ," ಎಂದರು.

ಒಡ್ಡಿನ ಆ ತುದಿಯಲ್ಲಿ ವಾಚ್‌ಮನ್ ರಿಕ್ಷಾದವನನ್ನು ಕರೆದುಕೊಂಡು ಓಡಿಬರುವುದು ಕಂಡಿತು. ಅವನ ದನಿಗೆ ಹಕ್ಕಿಗಳು ಮತ್ತೆ ಎದ್ದವು. ಇಬ್ಬರೂ ಭಾವನನ್ನು ಚೌಕಿಯಿಂದ ತಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ನಾನು ಒಂದೇ ಚಪ್ಪಲಿಯಲ್ಲಿ ಹಿಂದೆ ನಡೆದೆ, ಅವರ ಬೆನ್ನು ನೋಡುತ್ತಾ.

ಆಸ್ಪತ್ರೆಯಲ್ಲಿ ಇದು ಅಟ್ಯಾಕ್ ಅಲ್ಲ, ಎಚ್ಚರಿಕೆ ಎಂದರು. ಕೆಲವು ದಿನ ಇಟ್ಟುಕೊಂಡು, ಔಷಧಿ ಬದಲಾಯಿಸಿ ಕಳಿಸಿದರು. ಮೆಲ್ಲಗೆ ನಡೆಯಬಹುದು, ಒಬ್ಬರೇ ಬೇಡ ಎಂದರು. ಅಕ್ಕ ಭಾವನಿಗೆ ಏನೂ ಅನ್ನಲಿಲ್ಲ. ಎಲ್ಲವನ್ನೂ ನನಗೆ ಅಂದಳು.

"ಮಾತ್ರೆ ಒಂದು ಕಡೆ, ಮನುಷ್ಯ ಒಂದು ಕಡೆ! ನಿನ್ನ ಕೈಗೆ ಕೊಟ್ಟದ್ದು ತಿಜೋರಿಯಲ್ಲಿ ಇಡ್ಲಿಕ್ಕಾ? ಊರಿಗೆಲ್ಲ ಹೆದರುದು ಗೊತ್ತುಂಟು ನಿಂಗೆ, ಹೆದರಬೇಕಾದಲ್ಲಿ ಹೆದರ್ಲಿಕ್ಕೆ ಗೊತ್ತಿಲ್ಲ."

ದುರ್ಬೀನನ್ನು ಅವಳು ಕಪಾಟಿಗೆ ಹಾಕಿ ಬೀಗ ಹಾಕಿದಳು. ಭಾವ ಬಾಲ್ಕನಿಯಲ್ಲಿ ಕೂತು ಕಾಗೆ ನೋಡತೊಡಗಿದರು. ಊಟಕ್ಕೆ ಕರೆದರೆ "ಇರು, ಕೂತಿದೆ" ಅನ್ನುತ್ತಿದ್ದರು. ಒಂದು ವಾರ ಕಾಗೆ ನೋಡಿದ ಮೇಲೆ ಅಕ್ಕನೇ ಸೋತಳು. ಬಟ್ಟೆಯ ಒಂದು ಪುಟ್ಟ ಚೀಲ ಹೊಲಿದು, ಮಾತ್ರೆಯ ಪಟ್ಟಿಯನ್ನು ಅದರೊಳಗಿಟ್ಟು, ದಾರ ಪೋಣಿಸಿ, ತಾಯಿತದ ಹಾಗೆ ಅವರ ಕೊರಳಿಗೆ ಹಾಕಿದಳು.

"ಕೆಂಪು ದಾರ ಆಗುದಿಲ್ಲ," ಎಂದರು ಭಾವ. "ಹಕ್ಕಿಗೆ ಕಾಣ್ತದೆ."

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ದಾರ ಬಿಚ್ಚಿ, ಹೊಲಿಗೆಯ ಡಬ್ಬಿಯಲ್ಲಿ ಹುಡುಕಿ, ಹಸಿರು ದಾರ ಹಾಕಿಕೊಟ್ಟಳು.

ಈಗ ನಮ್ಮಿಬ್ಬರ ಹತ್ತಿರವೂ ಒಂದೊಂದು ಪಟ್ಟಿ ಇದೆ. ಫೋನು ಸೈಲೆಂಟಿನಲ್ಲಿ ಇರುತ್ತದೆ, ಆಫ್ ಇಲ್ಲ. ಇದಕ್ಕೆ ಅವರು ಒಪ್ಪಿದ್ದು ಸುಲಭಕ್ಕಲ್ಲ. ಕಳೆದ ಭಾನುವಾರ ಭರತಕ್ಕೆ ಮೊದಲೇ ಹೋಗಿ, ಈಚೆಯ ತುದಿಯಲ್ಲಿ ಒಬ್ಬರಿಗೊಬ್ಬರು ಭುಜ ತಾಗಿಸಿ ಕೂತೆವು. ಬೆನ್ನು ಕಾಣುವುದಿಲ್ಲ, ಹಾಗಾಗಿ ನಾನು ಕಿವಿ ಕೊಟ್ಟು ಉಸಿರು ಕೇಳುತ್ತಿದ್ದೆ. ತಂಡಗಳು ಬಂದವು. ನಮ್ಮ ಮುಂದೆ ಕೆಲವು ಇಳಿದವು, ಉಳಿದವು ಹುಲ್ಲಿನ ಮರೆಯ ಆಚೆ.

"ಆಚೆ ಬದಿಯಲ್ಲಿ ಎಂತೆಲ್ಲ ಉಂಟೋ," ಎಂದರು ಭಾವ, ತುಟಿ ಅಲುಗಿಸದೆ.

ಅಷ್ಟರಲ್ಲಿ ಮರೆಯ ಆಚೆಯಿಂದ, ನಾವಿಬ್ಬರೂ ಹಿಂದೆಂದೂ ಕೇಳದ ಒಂದು ಕೂಗು ಕೇಳಿಸಿತು. ಅವರ ಉಸಿರು ಒಂದು ಕ್ಷಣ ನಿಂತಿತು, ನನ್ನದೂ. ಅವರ ಕೈ ನೆಲ ಊರಿ ಏಳಲು ಹೊರಟಿತು. ಒಡ್ಡಿನ ಮೇಲೆ ಸ್ಟಿಂಟ್‌ಗಳು ಸಾಲಾಗಿ ಕೂತಿದ್ದವು.

ಕೈ ಮತ್ತೆ ಮಂಡಿಗೆ ಬಂತು. ನಾವು ಏಳಲಿಲ್ಲ.